ಕಂಪ್ಯೂಟರ್ ಕೆಟ್ಟರೆ ಕೈಕಟ್ಟಿ ಕೂರಬೇಡಿ!



ಬೆಂಗಳೂರಿನ ಯಾವ ಬೀದಿಗೆ ಬೇಕಾದರೂ ಹೋಗಿ. ಝೆರಾಕ್ಸ್ ಅಂಗಡಿ, ಡಿಟಿಪಿ ಸೆಂಟರು, ಆಡಿಟರ್ ಆಫೀಸು, ಶಾಲೆಯ ಕಂಪ್ಯೂಟರ್ ಕೊಠಡಿ, ನನ್ನಂಥವನ ಪ್ರಿಂಟಿಂಗ್ ಪ್ರೆಸ್ಸು. ಹೆಚ್ಚಿನ ಕಡೆ ಮೇಜಿನ ಮೇಲೆ ಕೂತಿರುವುದು ವಿಂಡೋಸ್ ಕಂಪ್ಯೂಟರೇ. ಅದು ನೆಟ್ಟಗೆ ನಡೆಯುವಷ್ಟು ಹೊತ್ತು ನಮ್ಮ ಹುಡುಗರು ರಾಜರು. ಪರದೆಯ ಮೇಲೆ ಇಂಗ್ಲಿಷಿನ ನಾಲ್ಕು ಸಾಲು ಬಂತೋ, ಮೌಸ್ ಮೇಲಿಂದ ಕೈ ತೆಗೆದುಬಿಡುತ್ತಾರೆ. "ಸಾರ್, ಏನೋ ಬಂತು." ಏನು ಬಂತಪ್ಪಾ? "ಗೊತ್ತಿಲ್ಲ ಸಾರ್, ಓಕೆ ಒತ್ತಿದೆ, ಹೋಯ್ತು."

ಇದೇ ನೋಡಿ ನಮ್ಮ ರೋಗ! ಕಂಪ್ಯೂಟರ್ ಕೆಡುವುದಕ್ಕೆ ಮುಂಚೆಯೇ ನಮ್ಮ ಧೈರ್ಯ ಕೆಟ್ಟಿರುತ್ತದೆ. ಎಲ್ಲಿ ಏನು ಹಾಳಾಗಿದೆ ಎಂಬ ಸುಳಿವು ಆ ನಾಲ್ಕು ಸಾಲಿನಲ್ಲೇ ಇರುತ್ತದೆ. ಅದನ್ನು ಓದದೆ ಓಕೆ ಒತ್ತುವುದೆಂದರೆ ಡಾಕ್ಟರ ಚೀಟಿಯನ್ನು ಹರಿದೆಸೆದು ಔಷಧಿ ಅಂಗಡಿಗೆ ಹೋದ ಹಾಗೆ.

ನಾನು ಓದಿದ್ದು ಪಿಯುಸಿ. ಇಂಗ್ಲಿಷ್ ನನಗೂ ಅಷ್ಟಕ್ಕಷ್ಟೆ. ಆದರೂ ಪ್ರೆಸ್ಸಿನ ಕಂಪ್ಯೂಟರುಗಳನ್ನೂ ಪ್ರಿಂಟರುಗಳನ್ನೂ ಅವುಗಳ ನಡುವಿನ ತಂತಿಗಳನ್ನೂ ನಾನೇ ನೋಡಿಕೊಳ್ಳುತ್ತೇನೆ. ಆ ಅನುಭವದ ಮೇಲೆ ಹೇಳುತ್ತಿದ್ದೇನೆ: ರಿಪೇರಿಗೆ ಬೇಕಾದ್ದು ಇಂಗ್ಲಿಷ್ ಅಲ್ಲ, ಕ್ರಮ. ಒಂದಾದ ಮೇಲೊಂದು ಪ್ರಶ್ನೆ ಕೇಳುತ್ತಾ ಹೋಗುವ ಕ್ರಮ. ಆ ಪ್ರಶ್ನೆಗಳನ್ನು ಕನ್ನಡದಲ್ಲೇ ಕೇಳಿಕೊಳ್ಳಬಹುದು. ಕನ್ನಡದಲ್ಲೇ ಬರೆದಿಡಬಹುದು. ನಾವು ಬರೆದಿಟ್ಟಿಲ್ಲ, ಅಷ್ಟೆ.

ನಾಲ್ಕು ಪ್ರಶ್ನೆ ಸಾಕು

ಏನೇ ಕೆಡಲಿ, ಮೊದಲು ಈ ನಾಲ್ಕು ಪ್ರಶ್ನೆ ಕೇಳಿ. ನಿನ್ನೆ ಸರಿಯಿತ್ತೆ? ಇದ್ದರೆ ನಿನ್ನೆಯಿಂದ ಇವತ್ತಿಗೆ ಏನು ಬದಲಾಯಿತು? ಕೆಟ್ಟಿರುವುದು ಒಂದು ಕಂಪ್ಯೂಟರೋ, ಎಲ್ಲವೂನೋ? ಒಂದು ಪ್ರೋಗ್ರಾಮಿನಲ್ಲಿ ಮಾತ್ರವೋ, ಎಲ್ಲದರಲ್ಲೂ ಹೀಗೆಯೋ? ಪರದೆ ಮೇಲೆ ಬಂದ ಸಂದೇಶ ಅಕ್ಷರಶಃ ಏನು? ನಾಲ್ಕನೆಯದಕ್ಕೆ ಇಂಗ್ಲಿಷ್ ಪಾಂಡಿತ್ಯ ಬೇಡ. ಎಲ್ಲರ ಜೇಬಿನಲ್ಲೂ ಮೊಬೈಲ್ ಇದೆ, ಒಂದು ಫೋಟೋ ತೆಗೆದಿಟ್ಟುಕೊಳ್ಳಿ. ಕೊನೆಯಲ್ಲಿರುವ ಕೋಡ್ ಸಂಖ್ಯೆ ಬಹಳ ಮುಖ್ಯ. ಅದನ್ನು ಹುಡುಕಿದರೆ ಅರ್ಧ ಕೆಲಸ ಮುಗಿದಂತೆ.

ಇನ್ನೊಂದು ನಿಯಮ: ಒಂದು ಸಲಕ್ಕೆ ಒಂದೇ ಬದಲಾವಣೆ. ಐದು ಕಡೆ ಕೈಯಾಡಿಸಿ ಸರಿಹೋದರೆ ಯಾವುದರಿಂದ ಸರಿಹೋಯಿತೆಂದು ನಿಮಗೇ ಗೊತ್ತಿರುವುದಿಲ್ಲ. ಮುಂದಿನ ಸಲ ಮತ್ತೆ ಮೊದಲಿನಿಂದ ಶುರು.

"ಏನು ಬದಲಾಯಿತು" ಎಂಬ ಪ್ರಶ್ನೆಯ ಬೆಲೆ ತಿಳಿಯಬೇಕೆ? 2024ರ ಜುಲೈ 19ನ್ನು ನೆನಪಿಸಿಕೊಳ್ಳಿ. ಅಂದು ಜಗತ್ತಿನಾದ್ಯಂತ ಸುಮಾರು 85 ಲಕ್ಷ ವಿಂಡೋಸ್ ಕಂಪ್ಯೂಟರುಗಳು ನೀಲಿ ಪರದೆ ತೋರಿಸಿ ಮಲಗಿದವು. ನಮ್ಮ ದೇಶದ ವಿಮಾನ ನಿಲ್ದಾಣಗಳಲ್ಲೂ ಬೋರ್ಡಿಂಗ್ ಪಾಸನ್ನು ಕೈಯಲ್ಲಿ ಬರೆದುಕೊಟ್ಟರು. ವೈರಸ್ ಅಲ್ಲ, ಶತ್ರುಗಳ ದಾಳಿಯೂ ಅಲ್ಲ. ಕ್ರೌಡ್‌ಸ್ಟ್ರೈಕ್ ಎಂಬ ಭದ್ರತಾ ಕಂಪನಿ ಕಳಿಸಿದ ಒಂದು ದೋಷದ ಅಪ್‌ಡೇಟ್! ಪರಿಹಾರ ಏನಿತ್ತು? ಕಂಪ್ಯೂಟರನ್ನು ಸೇಫ್ ಮೋಡಿನಲ್ಲಿ ತೆರೆದು ಒಂದು ಫೈಲ್ ಅಳಿಸುವುದು. ಎಷ್ಟೋ ಕಡೆ ಒಂದೊಂದು ಯಂತ್ರದ ಮುಂದೂ ಮನುಷ್ಯನೇ ಕೂತು ಕೈಯಾರೆ ಅಳಿಸಬೇಕಾಯಿತು. ಎಷ್ಟು ದೊಡ್ಡ ಕಂಪನಿಯಾದರೂ ಕೊನೆಗೆ ಕಾದದ್ದು ಕೀಬೋರ್ಡಿನ ಮುಂದೆ ಕೂರುವ ಅಂಥ ಒಬ್ಬನಿಗಾಗಿ.

ಪ್ರಿಂಟರ್ ಎಂಬ ಶನಿ

ನನ್ನ ಕಸುಬಿನಿಂದಲೇ ಶುರು ಮಾಡುತ್ತೇನೆ. ಪ್ರಿಂಟ್ ಕೊಟ್ಟಿರಿ, ಬರಲಿಲ್ಲ. ಮತ್ತೆ ಕೊಟ್ಟಿರಿ, ಬರಲಿಲ್ಲ. ಹತ್ತು ಸಲ ಕೊಟ್ಟಿರಿ. ಅಳಿಸಲು ಹೋದರೆ "ಡಿಲೀಟಿಂಗ್" ಎಂದು ಹೇಳುತ್ತಾ ಅಲ್ಲೇ ನಿಂತಿದೆ. ಇದಕ್ಕೆ ಒಬ್ಬ ರಿಪೇರಿಯವನು ನಮ್ಮ ಬೀದಿಯ ಅಂಗಡಿಯೊಂದರಲ್ಲಿ "ಫಾರ್ಮ್ಯಾಟ್ ಮಾಡಬೇಕು" ಎಂದು ಹೇಳಿದ್ದನ್ನು ನಾನೇ ಕೇಳಿದ್ದೇನೆ. ಹೆಸರು ಬೇಡ ಬಿಡಿ. ಕೆಲಸ ಇರುವುದು ಎರಡು ನಿಮಿಷದ್ದು.

ನೀವು ಕೊಟ್ಟ ಪ್ರಿಂಟೆಲ್ಲ ಮೊದಲು ಸ್ಪೂಲರ್ ಎಂಬ ಸರದಿಯಲ್ಲಿ ನಿಲ್ಲುತ್ತದೆ. ಸಾಲಿನ ಮೊದಲನೆಯವನು ಬಿದ್ದರೆ ಹಿಂದಿನವರೆಲ್ಲ ನಿಂತುಬಿಡುತ್ತಾರೆ, ರೇಷನ್ ಅಂಗಡಿ ಕ್ಯೂ ಇದ್ದ ಹಾಗೆ. ಸರ್ವೀಸಸ್ ಪಟ್ಟಿ ತೆರೆದು ಪ್ರಿಂಟ್ ಸ್ಪೂಲರನ್ನು ಸ್ಟಾಪ್ ಮಾಡಿ. ಸಿ ಡ್ರೈವಿನ ವಿಂಡೋಸ್, ಅದರೊಳಗೆ ಸಿಸ್ಟಂ32, ಅದರೊಳಗೆ ಸ್ಪೂಲ್, ಅದರೊಳಗೆ ಪ್ರಿಂಟರ್ಸ್ ಎಂಬ ಫೋಲ್ಡರ್ ಇದೆ. ಅದರಲ್ಲಿರುವ ಫೈಲುಗಳನ್ನು ಮಾತ್ರ ಅಳಿಸಿ, ಫೋಲ್ಡರನ್ನು ಮುಟ್ಟಬೇಡಿ. ಸ್ಪೂಲರನ್ನು ಮತ್ತೆ ಸ್ಟಾರ್ಟ್ ಮಾಡಿ. ಮುಗಿಯಿತು!

ಎರಡನೆಯದು, ಪ್ರಿಂಟರಿಗೆ ದೀಪ ಉರಿಯುತ್ತಿದೆ, ಕಂಪ್ಯೂಟರ್ ಮಾತ್ರ "ಆಫ್‌ಲೈನ್" ಎನ್ನುತ್ತದೆ. ನೆಟ್‌ವರ್ಕ್ ಪ್ರಿಂಟರಿನಲ್ಲಿ ಇದಕ್ಕೆ ಬಹಳ ಸಲ ಕಾರಣ ವಿಳಾಸ ಬದಲಾದದ್ದು. ಕರೆಂಟ್ ಹೋಗಿ ಬಂದಾಗ ರೌಟರ್ ಪ್ರತಿ ಯಂತ್ರಕ್ಕೂ ಹೊಸದಾಗಿ ಐಪಿ ವಿಳಾಸ ಹಂಚಬಹುದು. ನಿನ್ನೆ ಪ್ರಿಂಟರಿಗೆ ಇದ್ದ ಸಂಖ್ಯೆ ಇವತ್ತು ಇನ್ನಾರಿಗೋ ಸಿಕ್ಕಿರುತ್ತದೆ. ಕಂಪ್ಯೂಟರ್ ಹಳೆಯ ಮನೆಯ ಬಾಗಿಲು ತಟ್ಟುತ್ತಿರುತ್ತದೆ! ರೌಟರಿನ ಸೆಟ್ಟಿಂಗಿನಲ್ಲಿ ಪ್ರಿಂಟರಿಗೆ ಒಂದು ಸಂಖ್ಯೆಯನ್ನು ಕಾಯಂ ಕಾದಿರಿಸಿ. ಕಂಪ್ಯೂಟರಿನಲ್ಲಿ ಪ್ರಿಂಟರಿನ ಪೋರ್ಟನ್ನು ಸ್ಟ್ಯಾಂಡರ್ಡ್ ಟಿಸಿಪಿ ಐಪಿ ಎಂದು ಆರಿಸಿ ಅದೇ ಸಂಖ್ಯೆ ಕೊಡಿ. ಆಮೇಲೆ ಆ ಕಾಟ ಬಹುಪಾಲು ತಪ್ಪುತ್ತದೆ.

ಮೂರನೆಯದು ಹಂಚಿಕೊಂಡ ಪ್ರಿಂಟರಿನ ಕಥೆ. 2021ರ ಜುಲೈನಲ್ಲಿ ಇದೇ ಸ್ಪೂಲರಿನಲ್ಲಿ ಪ್ರಿಂಟ್‌ನೈಟ್‌ಮೇರ್ ಎಂಬ ದೊಡ್ಡ ಭದ್ರತಾ ಬಿರುಕು ಬಯಲಾಯಿತು. ಮೈಕ್ರೋಸಾಫ್ಟ್ ಒಂದರ ಮೇಲೊಂದು ತೇಪೆ ಹಾಕಿತು. ಆ ತೇಪೆಗಳ ನಂತರ ಒಂದು ಕಂಪ್ಯೂಟರಿನ ಪ್ರಿಂಟರನ್ನು ಇನ್ನೊಂದರಿಂದ ಬಳಸುತ್ತಿದ್ದ ಎಷ್ಟೋ ಆಫೀಸುಗಳಲ್ಲಿ 11ಬಿ ಎಂದು ಕೊನೆಯಾಗುವ ಎರರ್ ಕಾಣಿಸಿಕೊಂಡಿತು. ರಿಜಿಸ್ಟ್ರಿಯಲ್ಲಿ ಒಂದು ಸೊನ್ನೆ ಹಾಕಿದರೆ ಸರಿಹೋಗುತ್ತದೆ ಎಂದು ಎಲ್ಲರೂ ಹೇಳಿಕೊಟ್ಟರು. ಸರಿಯೇನೋ ಹೋಗುತ್ತದೆ, ಆದರೆ ಹಾಕಿದ ತೇಪೆಯನ್ನು ನೀವೇ ಕಿತ್ತಂತೆ. ಪ್ರಿಂಟರಿಗೆ ನೆಟ್‌ವರ್ಕ್ ಸೌಕರ್ಯವಿದ್ದರೆ ಪ್ರತಿ ಕಂಪ್ಯೂಟರನ್ನೂ ನೇರವಾಗಿ ಪ್ರಿಂಟರಿನ ಐಪಿ ವಿಳಾಸಕ್ಕೆ ಜೋಡಿಸುವುದೇ ನೆಟ್ಟಗಿನ ದಾರಿ. ನಡುವಿನ ದಲ್ಲಾಳಿ ಯಾಕೆ?

ನೆಟ್ ಇಲ್ಲ ಅಂದರೆ ಎಲ್ಲಿ ಇಲ್ಲ?

"ನೆಟ್ ಇಲ್ಲ" ಎನ್ನುವುದು ದೂರು ಆಯಿತು, ರೋಗದ ಹೆಸರಲ್ಲ. ನಲ್ಲಿಯಲ್ಲಿ ನೀರು ಬರದಿದ್ದರೆ ಏನು ಮಾಡುತ್ತೀರಿ? ಮನೆಯ ವಾಲ್ವ್ ನೋಡುತ್ತೀರಿ, ಆಮೇಲೆ ತೊಟ್ಟಿ, ಆಮೇಲೆ ಪಕ್ಕದ ಮನೆಗೆ ಬಂದಿದೆಯಾ ಎಂದು ಕೇಳುತ್ತೀರಿ. ಇಲ್ಲೂ ಅಷ್ಟೆ.

ಕಮಾಂಡ್ ಪ್ರಾಂಪ್ಟ್ ಎಂಬ ಕಪ್ಪು ಕಿಟಕಿ ತೆರೆಯಿರಿ. ಹೆದರಬೇಡಿ, ಅದು ಕಚ್ಚುವುದಿಲ್ಲ. ಐಪಿಕಾನ್ಫಿಗ್ ಎಂದು ಇಂಗ್ಲಿಷಿನಲ್ಲಿ ಟೈಪ್ ಮಾಡಿ ಎಂಟರ್ ಒತ್ತಿ. ನಿಮ್ಮ ಕಂಪ್ಯೂಟರಿನ ವಿಳಾಸ 169.254 ಎಂದು ಶುರುವಾಗಿದ್ದರೆ ರೌಟರಿನಿಂದ ಅದಕ್ಕೆ ವಿಳಾಸವೇ ಸಿಕ್ಕಿಲ್ಲ, ತಾನೇ ಒಂದು ಸಂಖ್ಯೆ ಇಟ್ಟುಕೊಂಡು ಕೂತಿದೆ ಎಂದರ್ಥ. ತಂತಿ ಸಡಿಲವೋ, ಸ್ವಿಚ್ ಸತ್ತಿದೆಯೋ, ರೌಟರ್ ಮಲಗಿದೆಯೋ ನೋಡಿ. ಅಲ್ಲೇ ಡೀಫಾಲ್ಟ್ ಗೇಟ್‌ವೇ ಎಂದು ಇನ್ನೊಂದು ಸಂಖ್ಯೆ ಇರುತ್ತದೆ, ಅದೇ ರೌಟರಿನ ವಿಳಾಸ. ಅದಕ್ಕೆ ಪಿಂಗ್ ಮಾಡಿ. ಉತ್ತರ ಬಂದರೆ ನಿಮ್ಮ ಮನೆಯೊಳಗಿನ ದಾರಿ ಸರಿಯಿದೆ. ಆಮೇಲೆ 8.8.8.8ಕ್ಕೆ ಪಿಂಗ್ ಮಾಡಿ. ಅದು ಹೊರಗಿನ ಲೋಕದಲ್ಲಿರುವ ಗೂಗಲ್‌ನ ವಿಳಾಸ. ರೌಟರ್ ಉತ್ತರಿಸಿ, ಇದು ಉತ್ತರಿಸದಿದ್ದರೆ ಅನುಮಾನ ಹೊರಗಿನ ಲೈನಿನ ಮೇಲೆ. ಈಗ ಇಂಟರ್‌ನೆಟ್ ಕೊಟ್ಟವನಿಗೆ ಫೋನ್ ಮಾಡಿ. "ರೌಟರ್ ತನಕ ಸರಿಯಿದೆ, ಆಚೆ ಹೋಗುತ್ತಿಲ್ಲ" ಎಂದು ಕನ್ನಡದಲ್ಲೇ ಖಡಾಖಂಡಿತವಾಗಿ ಹೇಳಿ. "ಆಫ್ ಮಾಡಿ ಆನ್ ಮಾಡಿ" ಎಂಬ ರಾಗ ಅಲ್ಲಿಗೆ ನಿಲ್ಲುತ್ತದೆ!

ಸಂಖ್ಯೆಗೆ ಉತ್ತರ ಬರುತ್ತದೆ, ಆದರೆ ಹೆಸರು ಹಾಕಿದರೆ ಪುಟ ತೆರೆಯುವುದಿಲ್ಲ ಅಂದರೆ ಡಿಎನ್‌ಎಸ್ ತೊಂದರೆ. ಹೆಸರನ್ನು ಸಂಖ್ಯೆಯಾಗಿ ತಿರುಗಿಸುವ ಡೈರೆಕ್ಟರಿ ಅದು. ಡಿಎನ್‌ಎಸ್ ವಿಳಾಸ ಬದಲಿಸಿ ನೋಡಿದರೆ ಗೊತ್ತಾಗುತ್ತದೆ.

ಸಣ್ಣ ಆಫೀಸುಗಳಲ್ಲಿ ನಡೆಯುವ ಎರಡು ಅವಾಂತರ ಹೇಳಲೇಬೇಕು. ಒಂದು, ಯಾರೋ ಪುಣ್ಯಾತ್ಮ ನೆಲ ಗುಡಿಸುವಾಗ ಬಿದ್ದಿದ್ದ ತಂತಿಯ ತುದಿಯನ್ನು ಎತ್ತಿ ಅದೇ ಸ್ವಿಚ್ಚಿಗೆ ಸಿಕ್ಕಿಸುತ್ತಾನೆ. ಎರಡೂ ತುದಿ ಒಂದೇ ಸ್ವಿಚ್ಚಿನಲ್ಲಿ! ಸಾಧಾರಣ ಸ್ವಿಚ್ಚಾದರೆ ಮಾಹಿತಿ ಅಲ್ಲೇ ಗಿರಗಿರ ಸುತ್ತಿ ಇಡೀ ಆಫೀಸು ನಿಲ್ಲುತ್ತದೆ. ಸ್ವಿಚ್ಚಿನ ದೀಪಗಳೆಲ್ಲ ಒಟ್ಟಿಗೆ ಹುಚ್ಚೆದ್ದು ಮಿಣುಕುತ್ತಿದ್ದರೆ ಇದನ್ನೇ ಮೊದಲು ನೋಡಿ. ಇನ್ನೊಂದು, ವೈಫೈ ಸಾಲದೆಂದು ಯಾರೋ ಮನೆಯ ಹಳೆಯ ರೌಟರ್ ತಂದು ಹಾಗೇ ಜೋಡಿಸುತ್ತಾರೆ. ಈಗ ವಿಳಾಸ ಹಂಚುವವರು ಇಬ್ಬರು. ಅರ್ಧ ಕಂಪ್ಯೂಟರಿಗೆ ನೆಟ್ ಇದೆ, ಅರ್ಧಕ್ಕೆ ಇಲ್ಲ. ಎರಡನೆಯ ರೌಟರಿನ ಡಿಎಚ್‌ಸಿಪಿ ನಿಲ್ಲಿಸಬೇಕು. ಒಂದು ಮನೆಗೆ ಒಬ್ಬನೇ ಯಜಮಾನ.

ಫೋಲ್ಡರ್ ಹಂಚಿಕೆಯ ಗೋಳು

ಒಂದು ಕಂಪ್ಯೂಟರಿನ ಫೋಲ್ಡರ್ ಇನ್ನೊಂದರಲ್ಲಿ ಕಾಣದಿದ್ದರೆ ನೆಟ್‌ವರ್ಕ್ ಪ್ರೊಫೈಲ್ ಪಬ್ಲಿಕ್ ಎಂದಿದೆಯಾ ನೋಡಿ. ರೈಲ್ವೆ ಸ್ಟೇಷನ್ ವೈಫೈಗೆ ಅದು ಸರಿ, ನಿಮ್ಮ ಆಫೀಸಿಗೆ ಪ್ರೈವೇಟ್ ಇರಬೇಕು. ಹೋಂಗ್ರೂಪ್ ಹುಡುಕಿ ಸುಸ್ತಾಗಬೇಡಿ, 2018ರಲ್ಲೇ ವಿಂಡೋಸ್ 10ರಿಂದ ಅದನ್ನು ತೆಗೆದರು. ಪಾಸ್‌ವರ್ಡ್ ಕೇಳಿದಾಗ ನಾಲ್ಕಂಕಿಯ ಪಿನ್ ಹೊಡೆದರೆ ಒಳಗೆ ಬಿಡುವುದಿಲ್ಲ. ಪಿನ್ ಆ ಯಂತ್ರಕ್ಕಷ್ಟೇ ಸೀಮಿತ. ಹಂಚುವ ಕಂಪ್ಯೂಟರಿನಲ್ಲಿ ಬೇರೆಯೇ ಒಂದು ಬಳಕೆದಾರ ಖಾತೆ ತೆರೆದು ಪಾಸ್‌ವರ್ಡ್ ಇಟ್ಟು ಅದನ್ನೇ ಎಲ್ಲ ಕಡೆ ಕೊಡಿ. ಪಾಸ್‌ವರ್ಡೇ ಇಲ್ಲದ ಗೆಸ್ಟ್ ಪ್ರವೇಶಕ್ಕೆ 2024ರಲ್ಲಿ ಬಂದ ವಿಂಡೋಸ್ 11 ಪ್ರೊನ 24ಎಚ್2 ಆವೃತ್ತಿ ಬಾಗಿಲು ಹಾಕಿದೆ.

ಹಳೆಯ ಝೆರಾಕ್ಸ್ ಯಂತ್ರದಿಂದ ಫೋಲ್ಡರಿಗೆ ಸ್ಕ್ಯಾನ್ ಹೋಗುತ್ತಿಲ್ಲವೆಂದರೆ ಕೆಲವರು ಥಟ್ಟನೆ ಎಸ್‌ಎಂಬಿ1 ಆನ್ ಮಾಡಿಬಿಡುತ್ತಾರೆ. ದಯವಿಟ್ಟು ಬೇಡ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಎಂಬ ಪಿಡುಗು ಇದೇ ಎಸ್‌ಎಂಬಿ1ರ ಬಿರುಕಿನಿಂದ ನುಗ್ಗಿ ನೂರೈವತ್ತಕ್ಕೂ ಹೆಚ್ಚು ದೇಶಗಳ ಕಂಪ್ಯೂಟರುಗಳ ಫೈಲುಗಳಿಗೆ ಬೀಗ ಜಡಿದು ದುಡ್ಡು ಕೇಳಿತು. ಬ್ರಿಟನ್ನಿನ ಆಸ್ಪತ್ರೆಗಳೂ ಬಿಡಲಿಲ್ಲ. ಅದಕ್ಕೆ ಎರಡು ತಿಂಗಳು ಮುಂಚೆ, ಮಾರ್ಚಿನಲ್ಲೇ ಮೈಕ್ರೋಸಾಫ್ಟ್ ತೇಪೆ ಕೊಟ್ಟಿತ್ತು. ಅದನ್ನು ಹಾಕಿಕೊಂಡವರ ಯಂತ್ರ ಆ ಬಿರುಕಿನಿಂದ ಬಚಾವಾಯಿತು. "ಅಪ್‌ಡೇಟ್ ಆಮೇಲೆ ನೋಡೋಣ" ಎನ್ನುವವರಿಗೆ ಇದೊಂದು ಪಾಠ ಸಾಕು. ಸ್ಕ್ಯಾನರ್ ಹಳೆಯದಾದರೆ ಇಮೇಲಿಗೋ ಪೆನ್‌ಡ್ರೈವಿಗೋ ಸ್ಕ್ಯಾನ್ ಮಾಡಿಕೊಳ್ಳಿ.

ಹೆದರಿಕೆಯನ್ನೇ ಬಂಡವಾಳ ಮಾಡಿಕೊಂಡವರು

ಇಂಗ್ಲಿಷ್ ಸಂದೇಶ ಕಂಡರೆ ನಾವು ಹೆದರುತ್ತೇವೆಂಬುದು ಕಳ್ಳರಿಗೂ ಗೊತ್ತು. ಪರದೆ ತುಂಬ ಕೆಂಪು ಅಕ್ಷರ, ಕಿವಿ ಹರಿಯುವ ಸೈರನ್, ಕೆಳಗೊಂದು ಫೋನ್ ನಂಬರ್. ಫೋನ್ ಮಾಡಿದರೆ "ಮೈಕ್ರೋಸಾಫ್ಟ್‌ನಿಂದ ಮಾತಾಡುತ್ತಿದ್ದೇವೆ" ಎನ್ನುತ್ತಾರೆ. ದೂರದಿಂದಲೇ ಕಂಪ್ಯೂಟರ್ ನಡೆಸುವ ತಂತ್ರಾಂಶ ಹಾಕಿಸಿ ಬ್ಯಾಂಕ್ ಖಾತೆ ಬರಿದು ಮಾಡುತ್ತಾರೆ. ನೆನಪಿಡಿ: ಮೈಕ್ರೋಸಾಫ್ಟಿನ ಅಸಲಿ ಎರರ್ ಸಂದೇಶದಲ್ಲಿ ಫೋನ್ ನಂಬರ್ ಇರುವುದೇ ಇಲ್ಲ. ನಂಬರ್ ಇದ್ದರೆ ಅದು ಮೋಸ. ಟಾಸ್ಕ್ ಮ್ಯಾನೇಜರ್ ತೆರೆದು ಬ್ರೌಸರ್ ಮುಚ್ಚಿ, ಮುಗಿಯಿತು. ದುಡ್ಡು ಆಗಲೇ ಹೋಗಿದ್ದರೆ ತಡಮಾಡದೆ 1930ಕ್ಕೆ ಫೋನ್ ಮಾಡಿ. ಎಷ್ಟು ಬೇಗ ಮಾಡುತ್ತೀರೋ ಅಷ್ಟು ಒಳ್ಳೆಯದು.

ಇನ್ನು ಕದ್ದ ವಿಂಡೋಸ್. ನೂರು ರೂಪಾಯಿಗೆ ಹಾಕಿಕೊಡುವವನು "ಮೊದಲು ಆಂಟಿವೈರಸ್ ಆಫ್ ಮಾಡಿ" ಎನ್ನುತ್ತಾನೆ. ಯಾಕೆ ಗೊತ್ತೆ? ಅವನ ಆಕ್ಟಿವೇಟರನ್ನು ಆಂಟಿವೈರಸ್ ಹಿಡಿದುಹಾಕುತ್ತದೆ. ಹೀಗೆ ಕಾವಲುಗಾರನನ್ನು ಮನೆಗೆ ಕಳಿಸಿ, ಏನಿದೆಯೋ ಗೊತ್ತಿಲ್ಲದ ಪ್ರೋಗ್ರಾಮಿಗೆ ಯಜಮಾನನ ಅಧಿಕಾರ ಕೊಟ್ಟು, ಆಮೇಲೆ ಕಂಪ್ಯೂಟರ್ ನಿಧಾನ ಎಂದು ಗೋಳಾಡುತ್ತೇವೆ.

ನಿಧಾನ ಎಂದರೆ ಟಾಸ್ಕ್ ಮ್ಯಾನೇಜರ್ ನೋಡಿ. ಡಿಸ್ಕ್ 100 ಶೇಕಡಾ ತೋರಿಸುತ್ತಾ, ಒಳಗಿರುವುದು ತಿರುಗುವ ಹಳೆಯ ಹಾರ್ಡ್ ಡಿಸ್ಕಾದರೆ ಎಸ್‌ಎಸ್‌ಡಿ ಹಾಕಿಸಿ. ಹಳೆಯ ಯಂತ್ರಕ್ಕೆ ಅದರಷ್ಟು ಚೆನ್ನಾದ ಟಾನಿಕ್ ಇನ್ನೊಂದಿಲ್ಲ. ಪ್ರತಿ ಬೆಳಗ್ಗೆ ತಾರೀಕು ತಪ್ಪಿ, ವೆಬ್‌ಸೈಟುಗಳೆಲ್ಲ ಸುರಕ್ಷಿತವಲ್ಲ ಎಂದು ಬೆದರಿಸಿದರೆ ಮದರ್‌ಬೋರ್ಡಿನ ಬಿಲ್ಲೆ ಬ್ಯಾಟರಿ ಬದಲಿಸಿ. ಅದಕ್ಕೂ ಫಾರ್ಮ್ಯಾಟ್ ಬೇಡ!

ವಿಂಡೋಸ್ 10ಕ್ಕೆ ಉಚಿತ ಭದ್ರತಾ ತೇಪೆ ಕೊಡುವುದನ್ನು ಮೈಕ್ರೋಸಾಫ್ಟ್ 2025ರ ಅಕ್ಟೋಬರ್ 14ಕ್ಕೆ ನಿಲ್ಲಿಸಿತು. ಹೆಸರು ನೋಂದಾಯಿಸಿದ ಮನೆ ಬಳಕೆದಾರರಿಗೆ ಇನ್ನೊಂದು ವರ್ಷದ ಹೆಚ್ಚುವರಿ ತೇಪೆ ಎಂದು ಆಗ ಪ್ರಕಟಿಸಿತು. ವಿಂಡೋಸ್ 11ಕ್ಕೆ ಟಿಪಿಎಂ 2.0 ಬೇಕು, ಇಂಟೆಲ್ ಆದರೆ ಬಹುಪಾಲು ಎಂಟನೆಯ ತಲೆಮಾರಿನ ಪ್ರೊಸೆಸರ್ ಬೇಕು. ನಮ್ಮ ಸಣ್ಣ ಅಂಗಡಿಗಳ ಎಷ್ಟೋ ಯಂತ್ರಗಳು ಈ ಪರೀಕ್ಷೆಯಲ್ಲಿ ಫೇಲ್. ಯಂತ್ರ ಗಟ್ಟಿಮುಟ್ಟಾಗಿದ್ದರೂ ಗುಜರಿಗೆ ಹಾಕು ಎನ್ನುವುದು ಯಾವ ನ್ಯಾಯ? ಈ ಸಿಟ್ಟು ನನಗೂ ಇದೆ. ಆದರೆ ಸಿಟ್ಟಿನಲ್ಲಿ ತೇಪೆಯಿಲ್ಲದ ಯಂತ್ರವನ್ನು ಬ್ಯಾಂಕ್ ಕೆಲಸಕ್ಕೆ ಬಳಸಬೇಡಿ. ಅದನ್ನು ನೆಟ್‌ನಿಂದ ಬಿಡಿಸಿ ಬರೀ ಟೈಪಿಂಗಿಗೆ ಇಟ್ಟುಕೊಳ್ಳಿ, ಇಲ್ಲವೇ ಲಿನಕ್ಸ್ ಹಾಕಿ.

ಕನ್ನಡಕ್ಕೇ ಅಂಟಿದ ಕಾಯಿಲೆಗಳು

ಇಲ್ಲಿಯವರೆಗೆ ಹೇಳಿದ್ದು ಜಗತ್ತಿಗೆಲ್ಲ ಇರುವ ತೊಂದರೆ. ನಮ್ಮದೇ ಆದವು ಬೇರೆ ಇವೆ. ಅವುಗಳ ಬಗ್ಗೆ ದೊಡ್ಡ ಇಂಗ್ಲಿಷ್ ಪುಸ್ತಕಗಳಲ್ಲಿ ಹುಡುಕಿದರೆ ಏನೂ ಸಿಗದು.

ಹಳೆಯ ಫೈಲ್ ತೆರೆದರೆ ಕನ್ನಡದ ಬದಲು ಇಂಗ್ಲಿಷ್ ಅಕ್ಷರ, ಪೌಂಡ್ ಗುರುತು, ತಲೆಯ ಮೇಲೆ ಗೀಟಿರುವ ಎ ಕಾಣುತ್ತದೆ. ಅದು ವೈರಸ್ ಅಲ್ಲ ಮಾರಾಯರೆ! ಆ ಕಾಲದ ಫಾಂಟುಗಳು ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಚಿತ್ರ ಕೂರಿಸಿದ್ದವು. ಫಾಂಟ್ ಇದ್ದರೆ ಕನ್ನಡ, ಇಲ್ಲದಿದ್ದರೆ ಕಸ. ಅದೇ ಫಾಂಟ್ ಹಾಕಿ, ಅಥವಾ ಯೂನಿಕೋಡಿಗೆ ಪರಿವರ್ತಿಸಿ. ನುಡಿ, ಬರಹ ಎರಡರಲ್ಲೂ ಆ ಸೌಕರ್ಯವಿದೆ. ಯೂನಿಕೋಡಿನಲ್ಲಿ 1991ರಿಂದಲೇ ಕನ್ನಡಕ್ಕೆ ಸ್ವಂತ ಮನೆಯಿದೆ. 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ತುಂಗಾ ಫಾಂಟ್ ಬಂತು. ಆದರೂ ನಾವು ಪ್ರೆಸ್ಸಿನವರು ಬಹಳ ಕಾಲ ಬಾಡಿಗೆ ಮನೆಯಲ್ಲೇ ಇದ್ದೆವು. ಕಾರಣವಿತ್ತು: 2001ರ ಪೇಜ್‌ಮೇಕರ್ 7 ಆ ಸರಣಿಯ ಕೊನೆಯದು, ಅದಕ್ಕೆ ಯೂನಿಕೋಡ್ ಗೊತ್ತೇ ಇರಲಿಲ್ಲ. ನಮ್ಮ ಹೊಟ್ಟೆಪಾಡೆಲ್ಲ ಅದರಲ್ಲೇ ಇತ್ತು.

ಕನ್ನಡದ ಜಾಗದಲ್ಲಿ ಬರೀ ಪ್ರಶ್ನಾರ್ಥಕ ಚಿಹ್ನೆ ಬಂದರೆ ಅದು ಬೇರೆ ರೋಗ, ಇನ್ನೂ ಅಪಾಯದ್ದು. ಫೈಲನ್ನು ಎಎನ್‌ಎಸ್‌ಐ ಎಂಬ ಹಳೆಯ ವಿಧಾನದಲ್ಲಿ ಉಳಿಸಿದಾಗ ಕನ್ನಡ ನಿಜವಾಗಿಯೂ ಅಳಿಸಿಹೋಗಿರುತ್ತದೆ. ಯಾವ ಫಾಂಟ್ ಹಾಕಿದರೂ ವಾಪಸು ಬಾರದು. ನೋಟ್‌ಪ್ಯಾಡಿನಲ್ಲಿ ಯುಟಿಎಫ್-8 ಎಂದೇ ಉಳಿಸಿ. 2019ರ ನಂತರದ ವಿಂಡೋಸಿನಲ್ಲಿ ಹೊಸ ಫೈಲಿಗೆ ತಾನಾಗೇ ಹಾಗಿರುತ್ತದೆ. ಎಕ್ಸೆಲ್‌ನಿಂದ ಸಿಎಸ್‌ವಿ ತೆಗೆಯುವಾಗಲೂ ಪಟ್ಟಿಯಲ್ಲಿ "ಸಿಎಸ್‌ವಿ ಯುಟಿಎಫ್-8" ಎಂಬುದನ್ನೇ ಆರಿಸಿ. ಸಾವಿರ ಹೆಸರಿನ ಕನ್ನಡ ಪಟ್ಟಿ ಒಂದು ಕ್ಲಿಕ್ಕಿನಲ್ಲಿ ಪ್ರಶ್ನೆಚಿಹ್ನೆಗಳ ಸಾಲಾಗುವುದನ್ನು ನೋಡಿದವರಿಗೆ ಗೊತ್ತು ಆ ಸಂಕಟ.

ಹೊಸ ಕಂಪ್ಯೂಟರಿನಲ್ಲಿ ತುಂಗಾದಲ್ಲಿ ಮಾಡಿದ ಪುಟಗಳ ಸಾಲು ತಪ್ಪಿ, ಅಕ್ಷರ ಬೇರೆಯಾಗಿ ಕಂಡರೆ ಗಾಬರಿ ಬೇಡ. ವಿಂಡೋಸ್ 10ರಿಂದ ತುಂಗಾ ತಾನಾಗಿ ಬರುವುದಿಲ್ಲ, ನಿರ್ಮಲಾ ಎಂಬ ಫಾಂಟ್ ಅದರ ಜಾಗದಲ್ಲಿದೆ. ಸೆಟ್ಟಿಂಗಿನ ಆಪ್ಷನಲ್ ಫೀಚರ್ಸ್‌ನಲ್ಲಿ ಕನ್ನಡ ಸಪ್ಲಿಮೆಂಟಲ್ ಫಾಂಟ್ಸ್ ಹುಡುಕಿ ಹಾಕಿದರೆ ತುಂಗಾ ವಾಪಸು ಬರುತ್ತದೆ, ಕಾಸಿಲ್ಲದೆ. ಇನ್‌ಡಿಸೈನಿನಲ್ಲಿ ಒತ್ತಕ್ಷರ ಒಡೆದು ಬಿದ್ದರೆ ಪ್ಯಾರಾಗ್ರಾಫ್ ಕಂಪೋಸರನ್ನು ವರ್ಲ್ಡ್ ರೆಡಿಗೆ ಬದಲಿಸಿ. ಪ್ರೆಸ್ಸಿಗೆ ಪಿಡಿಎಫ್ ಕಳಿಸುವಾಗ ಫಾಂಟ್ ಒಳಗೇ ಸೇರಿಸಿ ಕಳಿಸಿ. ಮದುವೆ ಕಾರ್ಡಿನಲ್ಲಿ ಹುಡುಗಿಯ ಹೆಸರು ಒಡೆದು ಬಂದರೆ ಬೈಸಿಕೊಳ್ಳುವವರು ನಾವು!

ಹಳೆಯ ಹಾರ್ಡ್ ಡಿಸ್ಕಿನಲ್ಲಿರುವ ಕನ್ನಡ

ಈಗ ನನಗೆ ನಿಜವಾಗಿ ನೋವು ಕೊಡುವ ಮಾತಿಗೆ ಬರುತ್ತೇನೆ. ಮೊಳೆ ಜೋಡಿಸುವ ಕಾಲ ಮುಗಿದು ಡಿಟಿಪಿ ಬಂದ ಮೇಲೆ ಕನ್ನಡದ ಪುಸ್ತಕಗಳು ಅಕ್ಷರಗೊಂಡದ್ದು ಇಂಥ ಸಣ್ಣ ಅಂಗಡಿಗಳ ಕಂಪ್ಯೂಟರುಗಳಲ್ಲಿ. ಕಥೆ, ಕಾವ್ಯ, ಸಂಶೋಧನೆ, ಸ್ಮರಣ ಸಂಚಿಕೆ, ಸಣ್ಣ ಪತ್ರಿಕೆ, ಚಳವಳಿಯ ಕರಪತ್ರ. ಅವುಗಳ ಮೂಲ ಫೈಲುಗಳು ಹಳೆಯ ಫಾಂಟಿನಲ್ಲಿ, ಪೇಜ್‌ಮೇಕರ್ ಫೈಲಾಗಿ, ಎಲ್ಲೋ ಅಟ್ಟದ ಮೇಲಿನ ಹಾರ್ಡ್ ಡಿಸ್ಕಿನಲ್ಲಿ, ಸಿಡಿಯಲ್ಲಿ ಧೂಳು ತಿನ್ನುತ್ತಿವೆ. ಕೆಲವು ತಂತ್ರಾಂಶಗಳಿಗೆ ಕಂಪ್ಯೂಟರ್ ಬೆನ್ನಿಗೆ ಸಿಕ್ಕಿಸುವ ಡಾಂಗಲ್ ಬೇಕಿತ್ತು. ಅದನ್ನು ಸಿಕ್ಕಿಸುವ ಕಿಂಡಿಯೇ ಈಗಿನ ಯಂತ್ರಗಳಲ್ಲಿ ಇಲ್ಲ. ಆ ಡಿಸ್ಕ್ ಸತ್ತ ದಿನ ಆ ಪುಸ್ತಕದ ಮೂಲವೂ ಸತ್ತಂತೆ. ಮರುಮುದ್ರಣ ಬೇಕೆಂದರೆ ಮತ್ತೆ ಮೊದಲಿನಿಂದ ಟೈಪ್ ಮಾಡಬೇಕು.

ಇದನ್ನು ಯಾವ ಪರಭಾಷಿಕನೂ ಅಳಿಸುತ್ತಿಲ್ಲ. ನಮ್ಮ ಉದಾಸೀನವೇ ಅಳಿಸುತ್ತಿದೆ. "ಫಾರ್ಮ್ಯಾಟ್ ಮಾಡಬೇಕು ಸಾರ್" ಎಂಬ ಒಂದು ಮಾತಿಗೆ ತಲೆಯಾಡಿಸಿದರೆ ಸಾಕು, ಡೆಸ್ಕ್‌ಟಾಪಿನಲ್ಲಿ ಇಟ್ಟಿದ್ದೆಲ್ಲ ಮಣ್ಣುಪಾಲು. ಅದಕ್ಕೇ ಹೇಳುವುದು, ಫಾರ್ಮ್ಯಾಟ್ ಕೊನೆಯ ಅಸ್ತ್ರ. ಅದಕ್ಕೆ ಮೊದಲು ಬ್ಯಾಕಪ್. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಬೇರೆ ಜಾಗದಲ್ಲಿ. ಬ್ಯಾಕಪ್ ಡಿಸ್ಕನ್ನು ಸದಾ ಸಿಕ್ಕಿಸಿಯೇ ಇಡಬೇಡಿ. ಫೈಲಿಗೆ ಬೀಗ ಹಾಕುವ ಕಳ್ಳ ಬಂದರೆ ಅದಕ್ಕೂ ಹಾಕುತ್ತಾನೆ. ತಿಂಗಳಿಗೊಮ್ಮೆ ಬ್ಯಾಕಪ್ಪಿನಿಂದ ಒಂದು ಫೈಲ್ ತೆರೆದು ನೋಡಿ. ಹೊಸ ವಿಂಡೋಸ್ 11 ಯಂತ್ರಗಳಲ್ಲಿ ಡಿಸ್ಕಿಗೆ ತಾನಾಗೇ ಗೂಢಲಿಪಿಯ ಬೀಗ ಬಿದ್ದಿರಬಹುದು. ಅದರ 48 ಅಂಕಿಯ ರಿಕವರಿ ಕೀಯನ್ನು ಕಾಗದದಲ್ಲಿ ಬರೆದು ಬೀರುವಿನಲ್ಲಿ ಇಡಿ. ಹಳೆಯ ಕನ್ನಡ ಫೈಲ್ ಇದ್ದರೆ ಮೂಲ ಫೈಲು, ಅದರ ಫಾಂಟು, ಪಿಡಿಎಫ್, ಯೂನಿಕೋಡ್ ಪ್ರತಿ ಈ ನಾಲ್ಕನ್ನೂ ಒಂದೇ ಫೋಲ್ಡರಿನಲ್ಲಿ ಇಡಿ. ಪರಿವರ್ತನೆಯಾದ ಮೇಲೆ ಒಮ್ಮೆ ಓದಿ, ಅರ್ಕಾವತ್ತು ಒತ್ತಕ್ಷರಗಳು ಅಲ್ಲಲ್ಲಿ ಕೈಕೊಡುತ್ತವೆ.

ಇಂಗ್ಲಿಷ್ ಬೇಕೋ ಬೇಡವೋ?

"ಹಾಗಾದರೆ ವಿಂಡೋಸನ್ನೇ ಕನ್ನಡಕ್ಕೆ ಬದಲಿಸಿಕೊಂಡರೆ?" ಎಂದು ನೀವು ಕೇಳಬಹುದು. ಬದಲಿಸಿಕೊಳ್ಳಿ. ಭಾಷೆಯ ಸೆಟ್ಟಿಂಗಿನಲ್ಲಿ ಕನ್ನಡದ ಪ್ಯಾಕ್ ಇದೆ, ಮನೆಯ ಹಿರಿಯರಿಗೆ, ಶಾಲೆಯ ಮಕ್ಕಳಿಗೆ ಹಾಕಿಕೊಡಿ. ಆದರೆ ರಿಪೇರಿ ಮಾಡುವವನು ಎರರಿನ ಇಂಗ್ಲಿಷ್ ಸಾಲನ್ನೂ ಕೋಡನ್ನೂ ಇಟ್ಟುಕೊಂಡಿರಲೇಬೇಕು. ಹುಡುಕಿದರೆ ಪರಿಹಾರ ಸಿಗುವುದು ಇವತ್ತಿಗೆ ಹೆಚ್ಚಾಗಿ ಅದರ ಹೆಸರಿನಲ್ಲೇ. ಇದರಲ್ಲಿ ಅವಮಾನವೇನೂ ಇಲ್ಲ. ಮೋಟಾರ್ ಮೆಕ್ಯಾನಿಕ್ಕು ಕಾರ್ಬ್ಯುರೇಟರ್, ಗ್ಯಾಸ್ಕೆಟ್ ಎನ್ನುತ್ತಲೇ ಕನ್ನಡದಲ್ಲಿ ಶಿಷ್ಯನಿಗೆ ಕೆಲಸ ಕಲಿಸಲಿಲ್ಲವೆ? ಸ್ಪೂಲರ್, ಗೇಟ್‌ವೇ, ಡಿಎನ್‌ಎಸ್ ಎಂಬವನ್ನೂ ಹಾಗೇ ಪಳಗಿಸಿಕೊಳ್ಳಿ. ಪದ ಎಲ್ಲಿಂದಲೋ ಬರಲಿ, ವಿವರಣೆ ಕನ್ನಡದಲ್ಲಿರಲಿ.

ಆ ವಿವರಣೆ ಬರೆದಿಡುವವರು ಯಾರು? ನೀವೇ. ಪ್ರತಿ ಅಂಗಡಿ, ಪ್ರತಿ ಆಫೀಸಿನಲ್ಲಿ ಒಂದು ನೂರು ಪುಟದ ನೋಟ್‌ಬುಕ್ ಇಡಿ. ತಾರೀಕು, ಯಾವ ಯಂತ್ರ, ಬಂದ ಸಂದೇಶ, ನಿಜವಾದ ಕಾರಣ, ಮಾಡಿದ ಪರಿಹಾರ. ಕನ್ನಡದಲ್ಲಿ ಐದೇ ಸಾಲು. ಒಂದು ವರ್ಷದಲ್ಲಿ ಅದು ಯಾವ ಕೋರ್ಸಿನ ಪುಸ್ತಕಕ್ಕೂ ಕಮ್ಮಿ ಇರುವುದಿಲ್ಲ. ಹೊಸ ಹುಡುಗ ಕೆಲಸಕ್ಕೆ ಬಂದರೆ ಅವನ ಕೈಗೆ ಅದನ್ನು ಕೊಡಿ.

ಕೆಲಸ ಇಲ್ಲ, ಅವಕಾಶ ಇಲ್ಲ ಎಂದು ನಮ್ಮ ಹುಡುಗ ಹುಡುಗಿಯರು ಹೇಳುವುದು ಸುಳ್ಳಲ್ಲ. ಆ ಹೋರಾಟ ನಡೆಯಲಿ. ಅದರ ಜೊತೆಗೆ ಈ ಕಸುಬನ್ನೂ ಕೈವಶ ಮಾಡಿಕೊಳ್ಳಿ. ಪ್ರತಿ ಆಸ್ಪತ್ರೆ, ಪ್ರತಿ ಗೋದಾಮು, ಪ್ರತಿ ಕಾಲೇಜಿಗೂ ನೆಟ್‌ವರ್ಕ್ ನೋಡಿಕೊಳ್ಳುವವರು ಬೇಕೇ ಬೇಕು. ಇದನ್ನು ಶುರುಮಾಡಲು ಪಿಯುಸಿ ಸಾಕು, ಒಂದು ಹಳೆಯ ಕಂಪ್ಯೂಟರ್ ಸಾಕು, ಎರಡು ತಂತಿ ಸಾಕು.

ನವೆಂಬರ್ ಒಂದಕ್ಕೆ ಬಾವುಟ ಹಾರಿಸೋಣ, ಸಂತೋಷ. ನವೆಂಬರ್ ಎರಡಕ್ಕೆ ನಾಲ್ಕು ಜನ ಸೇರಿ ನಿಮ್ಮ ಬಡಾವಣೆಯ ಸರ್ಕಾರಿ ಕನ್ನಡ ಶಾಲೆಗೆ ಹೋಗಿ. ಅಲ್ಲಿ ಮೂಲೆಯಲ್ಲಿ ಬಟ್ಟೆ ಹೊದಿಸಿಟ್ಟ ಕಂಪ್ಯೂಟರುಗಳಿದ್ದರೆ ಮೇಷ್ಟ್ರ ಒಪ್ಪಿಗೆ ಪಡೆದು ಬಟ್ಟೆ ತೆಗೆಯಿರಿ, ಧೂಳು ಒರೆಸಿ, ಆನ್ ಮಾಡಿ. ಏನೋ ಒಂದು ಸಂದೇಶ ಬರುತ್ತದೆ. ಓಕೆ ಒತ್ತಬೇಡಿ. ಓದಿ!